ಹಳದಿ ಪುಡಿ ಹಾರದ ಮಾಗಿ

ಇದನ್ನು ಹೇಳುವುದನ್ನು ನಾನು ಬೇಕೆಂದೇ ಮುಂದೂಡುತ್ತ ಬಂದೆ. ಕೇಳಬೇಕಾದವರು ಇದ್ದಾಗ ಧೈರ್ಯವಿರಲಿಲ್ಲ. ಈಗ ಅವರೇ ಇಲ್ಲ.

ಅರವತ್ತರ ದಶಕದ ಆರಂಭ. ಹೈಸ್ಕೂಲು ಮುಗಿಸಿದ್ದ ನನ್ನನ್ನು ಚನ್ನರಾಯಪಟ್ಟಣದ ಕಡೆಯ ಅರಣ್ಯ ಇಲಾಖೆಯ ಒಂದು ಸಸಿಮಡಿಗೆ ಮೇಸ್ತ್ರಿಯಾಗಿ ಹಾಕಿದ್ದರು. ಬೋಳುಗುಡ್ಡಗಳಿಗೆ ಬಿತ್ತಲು ‘ಬಂದರೆ’ ಎಂಬ ಕುರುಚಲು ಗಿಡದ ಬೀಜ ಬೇಕಿತ್ತು. ದಂಡಿಗನಹಳ್ಳಿ ಆಚೆಯ ಗುಡ್ಡದಲ್ಲಿ ಎದೆಮಟ್ಟದ ಬಂದರೆ ಗಿಡಗಳು ಒತ್ತಾಗಿದ್ದವು. ಅಲ್ಲಿ ಬೀಜ ಆರಿಸುವ ಕೂಲಿ ನನ್ನ ತಾಯಿಯ ವಯಸ್ಸಿನ ಒಬ್ಬ ವಿಧವೆಯದು. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಅವರ ಒಲೆ ಉರಿಯುತ್ತಿದ್ದುದು ಅದೊಂದರಿಂದಲೇ.

ಅರ್ಧದಷ್ಟು ಗಿಡ ಕಾಯಿ ಬಿಡುತ್ತಿರಲಿಲ್ಲ. ಅವು ಗೊಡ್ಡು ಎಂದು ತೀರ್ಮಾನಿಸಿ, ಹೂವಾಗುವ ಮುಂಚೆಯೇ ಕಡಿಸಿ ಇಟ್ಟಿಗೆ ಗೂಡಿಗೆ ಕಳಿಸಲು ಹೊರಟೆ.

"ಬ್ಯಾಡಿ ಬುದ್ಧಿ," ಎಂದರು ಅವರು. "ಅವು ಗಂಡು ಗಿಡ. ಮಾಗೀಲಿ ಅರಿಸ್ನದಂಗೆ ಪುಡಿ ಆರ್ತದೆ. ಗಾಳಿ ತಕ್ಕೊಂಡೋಗಿ ಕಾಯಿ ಗಿಡಕ್ಕೆ ಮೆತ್ತಿದ್ರೇನೇ ಕಾಳು ಕಟ್ಟಾದು. ಜೇನು ಗೀನು ಬರಾಕಿಲ್ಲ ಇದ್ಕೆ."

"ಗಾಳಿ ಬಸ್ರು ಮಾಡ್ತದೇನಮ್ಮೀ? ಎಷ್ಟನೇ ಕ್ಲಾಸು ಓದಿದ್ದೀಯೆ ನೀನು?" ಎಂದೆ. ಕೊಡಲಿ ಹಿಡಿದವರೆಲ್ಲ ನಕ್ಕರು.

"ನಾನೂ ಓದಿಲ್ಲ, ಗಾಳೀನೂ ಓದಿಲ್ಲ ಬುದ್ಧಿ."

ಆ ಗಿಡಗಳನ್ನೆಲ್ಲ ಕಡಿಸಿಯೇ ಬಿಟ್ಟೆ. ಆ ಮಾಗಿಯಲ್ಲಿ ಗಾಳಿ ಎಂದಿನಂತೆ ಬೀಸಿತು. ಗುಡ್ಡ ಹತ್ತಿ ಇಳಿದರೂ ನನ್ನ ಅಂಗಿ ಬೆಳ್ಳಗೇ ಇತ್ತು. ಹಿಂದಿನ ವರ್ಷ ತೋಳಿಗೆಲ್ಲ ಹಳದಿ ಮೆತ್ತಿದ್ದು ನೆನಪಾಯಿತು.

ಶಿವರಾತ್ರಿಯ ಹೊತ್ತಿಗೆ ಉಳಿದ ಗಿಡಗಳ ತುಂಬ ರೆಕ್ಕೆಯ ಕೆಂಪು ಕಾಯಿ. ನಿರಾಳವಾಯಿತು. ಅವರು ಒಂದನ್ನು ಉಜ್ಜಿ ಅಂಗೈ ತೋರಿಸಿದರು: ಬರೀ ಹೊಟ್ಟು. ಗೋಣಿಗಳನ್ನೆಲ್ಲ ತೂರಿಸಿದೆ. ಮೊರದಲ್ಲಿ ಒಂದು ಹಿಡಿ ಕರಿಕಾಳೂ ನಿಲ್ಲಲಿಲ್ಲ.

ಹಾಸನದಿಂದ ಬಂದ ಸಾಹೇಬರು ಮೊರ ನೋಡಿ, "ಕಾಳೆಲ್ಲಯ್ಯ?" ಎಂದರು.

"ಇವ್ಳು ಕಾಳ್ನ ಬೇರೆ ಕಡೆ ಸಾಗ್ಸಿ, ನಮ್ಗೆ ಒಟ್ಟು ತುಂಬವ್ಳೆ ಸಾ," ಎಂದೆ.

ಆ ವಿಧವೆ ನನ್ನನ್ನೇ ನೋಡುತ್ತ ನಿಂತರು. ಗಂಡು ಗಿಡದ ಮಾತು ಎತ್ತಲಿಲ್ಲ. ಎತ್ತಿದರೆ ಯಾರು ನಂಬುತ್ತಿದ್ದರು? ಮರುದಿನದಿಂದ ಅವರಿಗೆ ಕೆಲಸವಿಲ್ಲ. ಕಳ್ಳಿ ಎಂಬ ಮಾತು ಹಬ್ಬಿ ನಮ್ಮವರ ಹೊಲಗಳಲ್ಲೂ ಕೂಲಿ ನಿಂತಿತು. ಮಳೆಗೆ ಮುಂಚೆ ಕೊಣನೂರಿನ ಕಡೆಗೆ ಹೊರಟುಹೋದರು.

ಕಡಿದ ಬುಡಗಳು ಚಿಗುರಿ, ಎರಡು ವರ್ಷಕ್ಕೆ ಹೂವಾದವು. ನನ್ನ ಅಂಗಿ ಹಳದಿಯಾಯಿತು, ಕಾಯಲ್ಲಿ ಕಾಳು ಕಟ್ಟಿತು. ಆಗಲೂ ಸಾಹೇಬರಿಗೆ ನಾನು ಏನೂ ತಿಳಿಸಲಿಲ್ಲ. ಕೊಣನೂರು ಸಂತೆಯಲ್ಲಿ ಒಮ್ಮೆ ಅವರನ್ನು ಕಂಡೆ. ಪೊರಕೆ ಮಾರುತ್ತಿದ್ದರು. ಬಸ್ಸಿನ ಮರೆಗೆ ಸರಿದೆ.

ಊರವರು ಅವರನ್ನು ಕರೆಯುತ್ತಿದ್ದ ಹೆಸರು ನನ್ನ ಬಾಯಲ್ಲಿ ಎಂದೂ ಬರಲಿಲ್ಲ. ನಾನು ತಪ್ಪೊಪ್ಪಿಕೊಳ್ಳಬೇಕಾಗಿದ್ದುದು ಬೀಜದವ್ವನ ಮುಂದೆ.