ಅಮಾವಾಸ್ಯೆಗೆ ಕಾದ ಫ್ರಿಜ್ಜು

ಹನೂರು ಬಸ್‌ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸು ನಿಲ್ಲುವ ಕಡೆ, ಮುತ್ತಯ್ಯನ ಟೀ ಅಂಗಡಿಯ ಗೋಡೆಗೆ ಒತ್ತಿಕೊಂಡು ಒಂದು ಹೂವಿನ ಬುಟ್ಟಿ, ಬುಟ್ಟಿಯ ಹಿಂದೆ ಯಶೋದ. ಇಪ್ಪತ್ತೆರಡು ವರ್ಷದಿಂದ ಅದೇ ಗೋಡೆ, ಅದೇ ಯಶೋದ. ಊರು ಅಜ್ಜೀಪುರ. ಬೆಳಗಿನ ಮೊದಲ ಬಸ್ಸಿಗೆ ಬರುತ್ತಾಳೆ. ಕೊಳ್ಳೇಗಾಲದಿಂದ ಬರುವ ವ್ಯಾನಿನಲ್ಲಿ ಕಾಕಡ, ಸೇವಂತಿಗೆ, ಒಂದು ಹಿಡಿ ಮರುಗ ಇಳಿಸಿಕೊಳ್ಳುತ್ತಾಳೆ. ಮೊಳ ಹಾಕುವಾಗ ಮೊಣಕೈ ಮಡಿಸಿ ಮೋಸ ಮಾಡಿದವಳಲ್ಲ. ಮೊಳ ಮುಗಿದ ಮೇಲೂ ನಾಲ್ಕು ಬೆರಳು ಕೊಸರು ಬಿಟ್ಟೇ ದಾರ ಹರಿಯುತ್ತಾಳೆ.

ಗಂಡ ತೀರಿ ಎಂಟು ವರ್ಷ. ಒಬ್ಬಳೇ ಮಗಳು ಪವಿತ್ರ, ಯಳಂದೂರಿಗೆ ಕೊಟ್ಟಿದೆ. ಸುಖವೋ ದುಃಖವೋ, ಹೊಟ್ಟೆ ಬಟ್ಟೆಗೆ ಕಮ್ಮಿಯಿಲ್ಲ. ಆದರೆ ಒಳಗೊಂದು ಆಸೆ ಕೂತುಬಿಟ್ಟಿತ್ತು. ಏನಪ್ಪಾ ಅಂದರೆ, ಒಂದೇ ಒಂದು ಅಮಾವಾಸ್ಯೆಗೆ ನಡೆದುಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗಬೇಕು.

ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ ಅವ್ವನ ಸೆರಗು ಹಿಡಿದು ಹೋಗಿದ್ದಳು. ಕಾಲು ಬೊಬ್ಬೆ ಎದ್ದಾಗ ಯಾರೋ ಗುರುತಿಲ್ಲದ ಹೆಂಗಸು ರಸ್ತೆಬದಿಯಲ್ಲಿ ಕೂರಿಸಿಕೊಂಡು ಹರಳೆಣ್ಣೆ ಹಚ್ಚಿದ್ದಳು. ತಾಳುಬೆಟ್ಟದ ಹತ್ತಿರ ಸಾವಿರಾರು ಜನ ಒಂದೇ ಉಸಿರಿಗೆ 'ಉಘೇ' ಅಂದಾಗ ಕಾಡೇ ಎದ್ದು ನಿಂತ ಹಾಗಾಗಿತ್ತು. ಆಮೇಲೆ ಮದುವೆ, ಮಗು, ಹೂವು. ಬೇರೆ ದಿನಗಳಲ್ಲಿ ಬಸ್ಸು ಹತ್ತಿ ಎರಡು ಮೂರು ಸಲ ಹೋಗಿ ಬಂದದ್ದುಂಟು. ಅದು ನೆಂಟರು ಊರಲ್ಲಿಲ್ಲದಾಗ ನೆಂಟರ ಮನೆಗೆ ಹೋದ ಹಾಗೆ. ಅಮಾವಾಸ್ಯೆಯೆಂದರೆ ಹೂವಿನವರಿಗೆ ವ್ಯಾಪಾರದ ದಿನ, ಬುಟ್ಟಿ ಬಿಟ್ಟು ಏಳುವುದೆಲ್ಲಿ?

"ನನ್ನ ಹೂವ ಅಮಾಸೆ ಅಮಾಸೆಗೂ ಬೆಟ್ಟಕ್ಕ ಓಯ್ತದ ಮುತ್ತಣ್ಣ. ನಾನೊಬ್ಳು ಇಲ್ಲೇ," ಅನ್ನುವಳು.

"ನೀನೂ ದಾರದಲ್ಲಿ ಕಟ್ಟಿಸ್ಕಂಡು ಓಗು, ಯಾರಾದ್ರೂ ಮುಡ್ಕಂಡ್ ಓಯ್ತಾರ," ಅನ್ನುವನು ಮುತ್ತಯ್ಯ.

ನಾದಿನಿ ರಾಮಮ್ಮ ಬುಟ್ಟಿಗೆ ಕೂರಲು ತಯಾರಿದ್ದಳು. ಮಾರುವುದರಲ್ಲಿ ಅವಳು ಯಶೋದಳಿಗಿಂತ ಒಂದು ಕೈ ಮೇಲು. ಆದರೆ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಸೊಟ್ಟಗಾಗಿದ್ದರಿಂದ ಹೂವು ಕಟ್ಟಲು ಬರುತ್ತಿರಲಿಲ್ಲ. ಮೊದಲೇ ಕಟ್ಟಿಟ್ಟರೆ ಎರಡನೇ ದಿನಕ್ಕೆ ಕಾಕಡ ಕೆಂಪಗಾಗುತ್ತದೆ. ಹಾಗಾಗಿ ಆಸೆ ಅಲ್ಲೇ ಇತ್ತು.

ಹೋದ ವರ್ಷ ಆಷಾಢದಲ್ಲಿ ಯಳಂದೂರಿಗೆ ಹೋದಾಗ ಪವಿತ್ರ ಫ್ರಿಜ್ಜಿನ ಬಾಗಿಲು ತೆಗೆದು ಒಂದು ಹಾರ ಕೈಗಿಟ್ಟಳು. "ಗುರುವಾರ ಕಟ್ಟಿದ್ದು ಕಣವ್ವ, ಇವತ್ತು ಸೋಮವಾರ." ಯಶೋದ ಹಾರವನ್ನು ಮೂಸಿದಳು, ತಿರುಗಿಸಿದಳು, ಒಂದು ಮೊಗ್ಗು ಕಿತ್ತು ಉಗುರಿನಿಂದ ಗೀರಿದಳು. ಹೂವಿನ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೊಸದರಂತೆಯೇ ಇತ್ತು. ವಾಪಸು ಬರುವ ಬಸ್ಸಿನಲ್ಲಿ ಅವಳ ತಲೆ ತುಂಬ ಒಂದೇ ಲೆಕ್ಕ: ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮೊದಲೇ ಕಟ್ಟಿ ಫ್ರಿಜ್ಜಿನಲ್ಲಿ ಇಟ್ಟುಬಿಟ್ಟರೆ ರಾಮಮ್ಮ ಮಾರುತ್ತಾಳೆ, ನಾನು ನಡೆಯುತ್ತೇನೆ.

ವರಮಹಾಲಕ್ಷ್ಮಿ ಹಬ್ಬದಲ್ಲಿ ಹೂವು ಕೈ ಹಿಡಿಯಿತು. ಹಬ್ಬ ಮುಗಿದ ಸೋಮವಾರ ಅವಳು ಕೊಳ್ಳೇಗಾಲದ ಗಾಜಿನ ಅಂಗಡಿಗೆ ಹೋದಳು. ಅದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರೇನೋ ಇತ್ತು. ಜನ ಕರೆಯುತ್ತಿದ್ದುದು ಗಾಜಿನ ಅಂಗಡಿ ಅಂತಲೇ. ಟಿವಿ, ಫ್ರಿಜ್ಜು, ಬಟ್ಟೆ ಒಗೆಯುವ ಮಿಷಿನ್ನು, ಎಲ್ಲ ಒಂದೇ ಸೂರಿನಡಿ. ಹೊರಗೆ ಆಳೆತ್ತರದ ಬೋರ್ಡು: ಹಬ್ಬದ ಆಫರ್, ಫ್ರಿಜ್ 14,990.

ಒಳಗೆ ಕೋಮಲ ಅನ್ನುವ ಹುಡುಗಿ ನಗುನಗುತ್ತ ಬಂದಳು. "ಅದು ಹಳೇ ಫ್ರಿಜ್ ಎಕ್ಸ್‌ಚೇಂಜ್ ಕೊಟ್ರೆ, ಆಂಟಿ. ಕಾರ್ಡ್ ಇದ್ರೆ ಮಾತ್ರ."

"ಹಳೇದಿದ್ರ ಹೊಸದ್ಯಾಕ ತಕಳ್ಳಾಕ ಬರ್ತಿದ್ದೆ ಕೂಸೇ?"

ಹಳೆಯದಿಲ್ಲದವರಿಗೆ ಹದಿನೇಳೂವರೆ ಸಾವಿರ. ಸ್ಟೆಬಿಲೈಸರ್ ಬೇರೆ. ಅಜ್ಜೀಪುರಕ್ಕೆ ಸಾಗಿಸುವುದು ಇನ್ನೊಂದು. ಯಶೋದ ಎದ್ದುಬಿಡೋಣ ಅಂದುಕೊಂಡಳು. ಆದರೆ ಕಣ್ಣ ಮುಂದೆ ನೀಲಿ ಬಣ್ಣದ ಫ್ರಿಜ್ಜು, ಬಾಗಿಲ ಮೇಲೆ ಹೂವಿನ ಚಿತ್ರ. ಎದ್ದವಳು ಮತ್ತೆ ಕೂತಳು.

"ಆಯ್ತು, ಕೊಸರು ಏನ್ ಕೊಟ್ಟೀಯ?"

ಕೋಮಲಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಜಗ್ಗು ತಂದುಕೊಟ್ಟಳು.

ಬುಧವಾರ ಟೆಂಪೋದವರು ಬಂದು ಪೆಟ್ಟಿಗೆಯನ್ನು ಪಡಸಾಲೆಗೆ ದೂಕಿ, ಸಹಿ ಹಾಕಿಸಿಕೊಂಡು, ನೀರೂ ಕುಡಿಯದೆ ಹೋದರು. ಈಗ ಕೇಳಿ, ಎಡವಿದ್ದು ಇಲ್ಲೇ. ಯಶೋದಳ ಮನೆಯಲ್ಲಿ ಹೊಸ ವಸ್ತು ಯಾವುದೇ ಬರಲಿ, ಕುಡುಗೋಲಾಗಲಿ, ಮೊರವಾಗಲಿ, ಮಗಳ ಮೊಬೈಲಾಗಲಿ, ಅಮಾವಾಸ್ಯೆ ಪೂಜೆ ಆಗದೆ ಬಳಕೆಗೆ ಇಳಿಯುವುದಿಲ್ಲ. ಅವಳ ಅತ್ತೆಯ ಅತ್ತೆಯ ಕಾಲದಿಂದ ಬಂದದ್ದು. ಮಾದಪ್ಪ ನೋಡಲಿ, ಆಮೇಲೆ ನಾವು ಮುಟ್ಟೋಣ. ಫ್ರಿಜ್ಜು ಪೆಟ್ಟಿಗೆಯೊಳಗೇ ಕಾಯಿತು. ಬೆಳಗ್ಗೆ ಎದ್ದು ಅವಳು ಅದರ ಮೇಲೆ ಕೈಯಾಡಿಸಿ ಬಸ್ಸಿಗೆ ಹೋಗುವಳು.

ಅಮಾವಾಸ್ಯೆ ಬಂತು. ಪೆಟ್ಟಿಗೆ ಬಿಚ್ಚಿ, ವಿಭೂತಿ ಬಳಿದು, ಹೂವಿಟ್ಟು, ಕಾಯಿ ಒಡೆದು ಸ್ವಿಚ್ಚು ಹಾಕಿದಳು. ಒಳಗೆ ಬೆಳಕು ಬಂತು. ಎಷ್ಟು ಚೆಂದದ ಬೆಳಕು! ಕಟ್ಟಿದ್ದ ಎರಡು ಮಾರು ಕಾಕಡ ಒಳಗಿಟ್ಟು ಬುಟ್ಟಿ ಹೊತ್ತುಕೊಂಡು ಹನೂರಿಗೆ ಹೋದಳು. ಸಂಜೆ ಬಂದು ಬಾಗಿಲು ತೆಗೆದರೆ ಬಿಸಿಗಾಳಿ ಮುಖಕ್ಕೆ ಬಡಿಯಿತು. ಕಾಕಡ ಬೆವತು, ಕಪ್ಪಾಗಿ, ಬೆಂದುಹೋಗಿತ್ತು. ಬೆಳಕು ಮಾತ್ರ ಹಾಗೇ ಇತ್ತು.

ಮಾರನೆಯ ದಿನ ಗಾಜಿನ ಅಂಗಡಿಯಲ್ಲಿ ಕೋಮಲ ಬಿಲ್ಲು ತಿರುಗಿಸಿ ಹಿಂಬದಿಯ ಸಣ್ಣಕ್ಷರ ತೋರಿಸಿದಳು. "ಏಳು ದಿನದೊಳಗೆ ಹೇಳಿದ್ರೆ ಬೇರೆ ಕೊಡ್ತಿದ್ವಿ ಆಂಟಿ. ಈಗ ಹದಿನೈದು ದಿನದ ಮೇಲಾಯ್ತು."

"ನಾವು ಪೆಟ್ಗೆ ಬಿಚ್ಚಿದ್ದೇ ನೆನ್ನೆ ಕಣವ್ವ. ಅಮಾಸೆ ಬರ್ಬೇಕಲ್ಲ?"

ಮ್ಯಾನೇಜರು ಷಡಕ್ಷರಿ ಕಂಪ್ಯೂಟರಿನಿಂದ ತಲೆಯೆತ್ತಿದ. "ಅಮ್ಮಾ, ಸಿಸ್ಟಮ್ಮಿನಲ್ಲಿ ಡೆಲಿವರಿ ದಿನ ಅಂತ ಇದೆ. ಅಮಾವಾಸ್ಯೆ ಅಂತ ಕಾಲಮ್ಮಿಲ್ಲ."

"ಹಾಕ್ಸಿ ಸಾ. ಈ ಕಡೆ ಜನಕ್ಕ ಮಾರಾಕ ಬಂದಿದ್ದೀರಿ."

ಅವನು ನಗಲಿಲ್ಲ. ಕಂಪನಿಯ ನಂಬರು ಬರೆದುಕೊಟ್ಟ. ಆ ನಂಬರಿಗೆ ಫೋನು ಮಾಡಿದರೆ ಕನ್ನಡಕ್ಕೆ ಎರಡು ಒತ್ತಿ ಅನ್ನುವರು. ಎರಡು ಒತ್ತಿದರೆ ಸಂಗೀತ. ಮುತ್ತಯ್ಯನ ಅಂಗಡಿಗೆ ಬಂದವರೆಲ್ಲ ಆ ಸಂಗೀತ ಕೇಳಿದರು.

ದೂರು ಹೊತ್ತು ಎರಡನೇ ಸಲ ಹೋದಾಗ ಗಾಜಿನ ಅಂಗಡಿಯ ಏಸಿ ನಿಂತಿತ್ತು, ಅರ್ಧ ದೀಪ ಆರಿಸಿದ್ದರು. ಹಿಂದಿನ ಸಲ ಟಿವಿಗಳು ಸಾಲಾಗಿ ಆಡುತ್ತಿದ್ದ ಗೋಡೆಯಲ್ಲಿ ಮೊಳೆಗಳಷ್ಟೇ. ಕೆಲಸದವರು ಆರು ಜನ ಇದ್ದಲ್ಲಿ ಇಬ್ಬರು. ಮ್ಯಾನೇಜರು ಮೈಸೂರಿಗೆ ಮೀಟಿಂಗಿಗೆ ಹೋಗಿದ್ದನಂತೆ. ಬಾಗಿಲಲ್ಲಿ ಹೊಸ ಬೋರ್ಡು: ಸ್ಟಾಕ್ ಖಾಲಿ ಮಾಡುವ ಮಾರಾಟ. ಅದೇ ನೀಲಿ ಫ್ರಿಜ್ಜು, ಬಾಗಿಲ ಮೇಲೆ ಅದೇ ಹೂವು, ಹದಿಮೂರು ಸಾವಿರ.

ಯಶೋದ ಬೋರ್ಡಿನ ಮುಂದೆ ಬಹಳ ಹೊತ್ತು ನಿಂತಳು. ಬೆಳಗ್ಗೆ ಒಂದು ದರ, ಸಂಜೆ ಒಂದು ದರ ಅವಳೂ ಹೇಳಿದವಳೇ. ಆದರೆ ಹೂವು ಬಾಡುತ್ತದೆ. ಗಿರಾಕಿಗೆ ಕಣ್ಣಿಗೆ ಕಾಣುತ್ತದೆ. ಕಬ್ಬಿಣ ಒಂದು ತಿಂಗಳಲ್ಲಿ ಬಾಡುವುದು ಹೇಗೆ?

"ಅವತ್ತು ನಂಗ ಹದಿನೇಳೂವರೆ ಅಂದ್ಯಲ್ಲ ಕೂಸೇ," ಅಂದಳು.

ಕೋಮಲ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ರೇಟು ನಾವು ಹಾಕಲ್ಲ ಆಂಟಿ. ಮೇಲಿಂದ ಬರ್ತದೆ. ದಿನಾ ಬೈಸ್ಕೊಳ್ಳೋದು ಮಾತ್ರ ನಾವು."

ಅವಳ ಮುಖ ನೋಡಿ ಯಶೋದಳಿಗೆ ಬೈಯಲು ಮನಸ್ಸು ಬರಲಿಲ್ಲ. ಕಂಕುಳಲ್ಲಿದ್ದ ಚೀಲದಿಂದ ಒಂದು ತುಂಡು ಕಾಕಡ ತೆಗೆದು, "ಮುಡ್ಕೊ, ತಲೆ ಬರಿದಾಗಿ ಅದ," ಅಂದಳು. ಹುಡುಗಿ ಮುಡಿದುಕೊಂಡು, ತಾನೇ ಕೂತು ಕಂಪನಿಗೆ ಫೋನು ಹಚ್ಚಿ, ಅರ್ಧ ಗಂಟೆ ಕಾದು, ದೂರು ಬರೆಸಿದಳು. ಮೆಕ್ಯಾನಿಕ್ ಬರುವ ದಿನವೂ ಗೊತ್ತಾಯಿತು: ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲು, ಬೆಳಗ್ಗೆ ಹತ್ತರಿಂದ ಸಂಜೆ ಐದರೊಳಗೆ.

"ಮನೇಲೇ ಇರಿ ಆಂಟಿ. ಬೀಗ ಹಾಕಿದ್ರೆ ಕಂಪ್ಲೇಂಟ್ ಕ್ಲೋಸ್ ಮಾಡ್ಬಿಡ್ತಾರೆ. ಆಮೇಲೆ ನಾನಿಲ್ಲಿ ಇರ್ತೀನೋ ಇಲ್ವೋ."

ನಡೆದು ಹೋಗುವವರು ಅಜ್ಜೀಪುರ ದಾಟುವುದು ಅದೇ ದಿನ. ಯಾವ ಅಮಾವಾಸ್ಯೆಗೆ ಹೊರಡಬೇಕೆಂದು ಫ್ರಿಜ್ಜು ತಂದಳೋ, ಅದೇ ಅಮಾವಾಸ್ಯೆಗೆ ಫ್ರಿಜ್ಜು ಅವಳನ್ನು ಮನೆಯಲ್ಲಿ ಕಟ್ಟಿಹಾಕಿತು.

ಅವತ್ತು ರಾಮಮ್ಮನನ್ನು ಹಿಂದಿನ ರಾತ್ರಿಯೇ ಕಟ್ಟಿಟ್ಟ ಹೂವಿನ ಬುಟ್ಟಿಯ ಜೊತೆ ಹನೂರಿಗೆ ಕಳಿಸಿ, ಯಶೋದ ಬಾಗಿಲಲ್ಲಿ ಕೂತಳು. ಮಡಿಲಲ್ಲಿ ಫೋನು. ಹತ್ತಾಯಿತು, ಹನ್ನೆರಡಾಯಿತು. ರಸ್ತೆಯಲ್ಲಿ ಜನ ಹೋಗುತ್ತಲೇ ಇದ್ದರು. ಟಿ. ನರಸೀಪುರದವರು, ಮಳವಳ್ಳಿಯವರು, ತಮಿಳು ಮಾತಾಡುವವರು. ತಲೆಯ ಮೇಲೆ ಗಂಟು, ಕೈಯಲ್ಲಿ ಬಿದಿರು ಕೋಲು. ದೂರದಲ್ಲೊಂದು 'ಉಘೇ' ಕೇಳಿದರೆ ಎದ್ದು ನಿಲ್ಲುವಳು. ರಸ್ತೆಯ ಹತ್ತಿರ ಬರುವಳು, ಗುಂಪು ದಾಟಿ ಹೋಗುವವರೆಗೂ ನೋಡುವಳು, ಮತ್ತೆ ಬಂದು ಕೂರುವಳು. 

ಮೂರೂವರೆಗೆ ಫೋನು ಬಂತು. "ಇವತ್ತು ಆಗಲ್ಲ ಮೇಡಂ. ನಾಳೆ. ಹತ್ತರಿಂದ ಐದು."

ಅದೇ ಹೊತ್ತಿಗೆ ಏಳೆಂಟು ಹೆಂಗಸರ ಗುಂಪೊಂದು ಬಾಗಿಲಿಗೆ ಬಂದು ನೀರು ಕೇಳಿತು. ಅವರಲ್ಲಿ ಹಿರಿಯಳು ಮಹಾದೇವಮ್ಮ, ಯಳಂದೂರಿನ ಕಡೆಯವಳು, ಎಪ್ಪತ್ತರ ಮುದುಕಿ. ಚೊಂಬೆತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡಳು.

"ಬಾಗ್ಲು ಕಾಯ್ತಾ ಕುಂತಿದ್ದಿಯಲ್ಲ, ನೀ ಬರದಿಲ್ವ ತಾಯಿ?"

"ಫ್ರಿಜ್ ರಿಪೇರಿಯವ್ರು ಬರ್ಬೇಕು ಕಣವ್ವ. ಇವತ್ತು ಅಂದ್ರು. ಈಗ ನಾಳೆ ಅಂತಾವ್ರ."

"ನಾಳೆ ಬಂದಾರ?"

ಯಶೋದ ಎದ್ದಳು. ಒಳಗೆ ಹೋಗಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಮುಡಿಪು ತಂದು ಮುದುಕಿಯ ಮುಂದೆ ಹಿಡಿದಳು. "ಇದ ನನ್ನೆಸ್ರೇಳಿ ಹುಂಡಿಗ ಹಾಕ್ಬುಡಿ. ಯಶೋದ ಅಂತ."

ಮಹಾದೇವಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ಬ್ಯಾಡ ಕಣವ್ವ! ಆಗ್ಲೇ ಮೂರವ. ಸೊಸೇದೊಂದು, ಪಕ್ಕದ ಮನೆಯವ್ಳದೊಂದು, ಬರಾಕ ಬೇಸರಾದ ನನ್ನ ತಂಗಿದೊಂದು. ಇನ್ನೊಂದು ಕೊಟ್ರ ಮಾದಪ್ಪ ಕೇಳ್ತಾನ, ಏನಮ್ಮಿ ಮಾದೇವಿ, ಪೋಸ್ಟಾಪೀಸು ಇಟ್ಟಿದ್ದೀಯ ಅಂತ."

ಹೆಂಗಸರೆಲ್ಲ ಗೊಳ್ಳೆಂದರು. ಯಶೋದಳಿಗೂ ನಗು ಬಂತು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಬಂತು. ಎಷ್ಟು ದಿನದಿಂದ ತಡೆದಿದ್ದಳೋ, ಸೆರಗು ನೆನೆಯುವಷ್ಟು ಬಂತು.

"ಒಸಿ ನಿಂತ್ಕಳಿ," ಅಂದಳು.

ಒಳಗೆ ಹೋಗಿ ಒಂದು ಕಂಬಳಿ, ಒಂದು ಸೀರೆ ಗಂಟು ಕಟ್ಟಿದಳು. ಬಾಗಿಲಿಗೆ ಬೀಗ ಹಾಕಿದಳು. ನಡೆಯುತ್ತಲೇ ರಾಮಮ್ಮನಿಗೆ ಫೋನು ಮಾಡಿದಳು.

"ರಾಮಿ, ನಾ ಬೆಟ್ಟಕ್ಕ ಒಂಟಿವ್ನಿ. ನಾಳೆ, ನಾಳಿದ್ದು ಬಿಡಿ ಹೂವಾಗೇ ಅಳ್ದು ಮಾರ್ಬುಡು."

"ಅಯ್ ಅತ್ಗೆ, ಬಿಡಿ ಹೂವ್ಗ ಅರ್ಧ ಕಾಸೂ ಉಟ್ಟದಿಲ್ಲ. ಫ್ರಿಜ್ನವ್ರು ಬಂದ್ರ?"

"ಕಾಯ್ಲಿ. ನಾ ಅವ್ರಿಗ ಒಂದು ತಿಂಗ್ಳು ಕಾದಿವ್ನಿ. ಅವ್ರು ನಂಗ ಮೂರು ದಿನ ಕಾಯ್ಲಿ."

ರಾಮಾಪುರ ದಾಟುವಾಗ ಕತ್ತಲು ಕವಿಯುತ್ತಿತ್ತು. ಕಾಡಿನ ಅಂಚಿನಲ್ಲಿ ಫೋನಿನ ಸಿಗ್ನಲ್ಲು ಹೋಯಿತು. ಮೂರನೇ ದಿನ ಬೆಟ್ಟ ಇಳಿದು ಬರುವಾಗ ಮತ್ತೆ ಸಿಗ್ನಲ್ಲು ಬಂತು, ಜೊತೆಗೊಂದು ಮೆಸೇಜೂ ಬಂತು. ಬಸ್ಸಿನಲ್ಲಿ ಪಕ್ಕ ಕೂತವರು ಓದಿ ಹೇಳಿದರು: ನಮ್ಮ ಸಿಬ್ಬಂದಿ ಭೇಟಿ ನೀಡಿದಾಗ ಮನೆಗೆ ಬೀಗ ಹಾಕಿತ್ತು, ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ. ಎದುರುಮನೆಯವರನ್ನು ಕೇಳಿದರೆ, ಎರಡೂ ದಿನ ಯಾವ ನರಪಿಳ್ಳೆಯೂ ಬಂದಿರಲಿಲ್ಲ. ವಾರದ ಮೇಲೆ ಕೊಳ್ಳೇಗಾಲಕ್ಕೆ ಹೋದರೆ ಗಾಜಿನ ಅಂಗಡಿಯ ಷಟರು ಇಳಿದಿತ್ತು. ಕೋಮಲ ಎಲ್ಲಿ ಹೋದಳೆಂದು ಹೇಳುವವರಿಲ್ಲ.

ಫ್ರಿಜ್ಜು ಈಗಲೂ ಪಡಸಾಲೆಯಲ್ಲಿದೆ. ಒಳಗೆ ಬೇಳೆ, ಬೆಲ್ಲದ ಡಬ್ಬಗಳು. ಇಲಿ ಹೋಗುವುದಿಲ್ಲ ಅನ್ನುವುದೊಂದು ಲಾಭ. ಅದಕ್ಕೆ ಹಾಕಿದ ದುಡ್ಡನ್ನು ನೆನೆದಾಗ ಯಶೋದಳಿಗೆ ಈಗಲೂ ಸಂಕಟವಾಗುತ್ತದೆ. ಆದರೆ ಅವಳ ದೊಡ್ಡ ಸಂಕಟ ಅದಲ್ಲ. ಒಂದು ಸಲ ಹೋಗಿ ಬಂದರೆ ಆಸೆ ತೀರುತ್ತದೆ ಅಂದುಕೊಂಡಿದ್ದಳು. ಎರಡು ರಾತ್ರಿ ಆ ಹೆಂಗಸರ ಮಗ್ಗುಲಲ್ಲಿ ಮಲಗಿ, ಅವರ ಬುತ್ತಿ ಉಂಡು, ಅವರ ಜೊತೆ ಮೆಟ್ಟಿಲು ಹತ್ತಿ ಬಂದ ಮೇಲೆ ಆಸೆ ಇಮ್ಮಡಿಯಾಯಿತು. ಮೊದಲು ನೆನೆಯಲು ಒಂಬತ್ತು ವರ್ಷದ ಹುಡುಗಿಯ ನೆನಪೊಂದೇ ಇತ್ತು. ಈಗ ಮಹಾದೇವಮ್ಮನ ಗೊರಕೆ ಕೂಡ ನೆನಪಾಗುತ್ತದೆ.

ದೀಪಾವಳಿ ಅಮಾವಾಸ್ಯೆಗೆ ಬಸ್‌ಸ್ಟ್ಯಾಂಡು ಕಿಕ್ಕಿರಿದಿತ್ತು. ಬೆಟ್ಟದ ಬಸ್ಸೊಂದು ಹೊರಟಿತು. ಯಶೋದ ಕಟ್ಟುತ್ತ ಕಟ್ಟುತ್ತಲೇ ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

"ಏನ್ ಯಶೋದಕ್ಕ," ಅಂದ ಮುತ್ತಯ್ಯ, ಟೀ ಲೋಟ ಮುಂದಿಡುತ್ತ. "ಕೈ ಇಲ್ಲೇ ಅದ, ಕಣ್ಣು ಬಸ್ಸಿನ ಹಿಂದ ಓಯ್ತಾ ಅವ?"

"ಕೈಗ ಹೊಟ್ಟೆಪಾಡು ಅದ ಮುತ್ತಣ್ಣ, ಓಗಾಕಾಗದಿಲ್ಲ," ಅಂದಳು ಅವಳು. "ಕಣ್ಣಿಗೇನದ? ಓಗಿ ಬರ್ಲಿ ಬುಡು."