ಆಂಜಿನಪ್ಪನ ಉಸಿರಿಗೊಂದು ಇಂಜಿನು

ಆಂಜಿನಪ್ಪ ಬಂಗಾರಪೇಟೆ ಕಡೆಯ ಹಳ್ಳಿಯವನು. ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ. ಗಣಿ ಮುಚ್ಚಿದ ಮೇಲೆ ಎರಡು ಹಸು ಕಟ್ಟಿಕೊಂಡು ಊರಲ್ಲೇ ಉಳಿದ. ಗಣಿಯೊಳಗೆ ಕುಡಿದ ಕಲ್ಲಿನ ಧೂಳು ಮಾತ್ರ ಎದೆ ಬಿಟ್ಟು ಹೋಗಲಿಲ್ಲ. ಅರವತ್ತು ದಾಟುವ ಹೊತ್ತಿಗೆ ಕೊಟ್ಟಿಗೆಯ ತನಕ ನಡೆದರೂ ಏದುಸಿರು. ಕೊನೆಗೆ ಆಸ್ಪತ್ರೆಯವರು ಮನೆಯಲ್ಲೇ ಆಕ್ಸಿಜನ್ ಮಿಷನ್ ಇಟ್ಟುಕೊಳ್ಳಿ ಎಂದರು.

ಮಿಷನ್ ಓಡುವುದು ಕರೆಂಟಿನಲ್ಲಿ. ಕರೆಂಟು ಹೋದಾಗಲೆಲ್ಲ ಹೆಂಡತಿ ಅಮ್ಮಾಜಮ್ಮ ಅವನ ಬೆನ್ನು ನೀವುತ್ತಾ ಕೂತಿರುತ್ತಿದ್ದಳು. ಹಳೆಯದೊಂದು ಪೆಟ್ರೋಲ್ ಜನರೇಟರ್ ತಂದದ್ದಾಯಿತು. ಬಂಕಿನವರು ಕ್ಯಾನಿಗೆ ಪೆಟ್ರೋಲ್ ಹಾಕಲು ಒಪ್ಪುತ್ತಿರಲಿಲ್ಲ. ಗಂಡನನ್ನು ಒಬ್ಬನೇ ಬಿಟ್ಟು ಅವಳು ಬಂಗಾರಪೇಟೆಗೆ ಅಲೆಯುವುದೂ ಆಗದ ಮಾತು.

ದಾರಿ ತೋರಿಸಿದವನು ಸೆಲ್ವರಾಜ್, ಗಣಿಯ ಪಕ್ಕದ ಊರಿಗಾಂನ ಆಟೊ ಮೆಕ್ಯಾನಿಕ್. ಅವನ ಅಪ್ಪ ಆಂಜಿನಪ್ಪನ ಜೊತೆ ಗಣಿಗೆ ಇಳಿದವನು, ಇದೇ ಕಾಯಿಲೆಯಲ್ಲಿ ತೀರಿಕೊಂಡವನು.

"ಅಕ್ಕಾ, ಹಿತ್ತಲಲ್ಲಿ ಗೋಬರ್ ಗ್ಯಾಸ್ ಐತಲ್ಲ, ಅದರಲ್ಲೇ ಓಡಿಸಾಣ," ಅಂದ.

ಕಬ್ಬಿಣದ ಚೂರು ತುಂಬಿದ ಡಬ್ಬಿಯಲ್ಲಿ ಗ್ಯಾಸು ಹಾಯಿಸಿ ಅದರ ನಾತ ಕಳೆದ. ಜನರೇಟರಿನ ಇಂಜಿನು ಶುರುವಾಯಿತು, ಆದರೆ ಆಕ್ಸಿಜನ್ ಮಿಷನ್ ಹಾಕುತ್ತಲೇ ಮುಗ್ಗರಿಸಿ ನಿಂತಿತು.

ಒಳಗಿಂದ ಆಂಜಿನಪ್ಪ, "ಅದಕ್ಕೂ ನನ್ನಂಗೇ ದಮ್ಮು ಸಾಲ್ತಿಲ್ಲ ಕಣ್ಲಾ," ಅಂದ.

ಸೆಲ್ವರಾಜ್ ಅಡುಗೆ ಸಿಲಿಂಡರಿನಿಂದ ಇನ್ನೊಂದು ಪೈಪು ಎಳೆದ. ಸಗಣಿಯ ಗ್ಯಾಸಿಗೆ ಸಿಲಿಂಡರಿನದು ಸ್ವಲ್ಪಸ್ವಲ್ಪವೇ ಬೆರೆಯುವಂತೆ ವಾಲ್ವು ಕೂರಿಸಿದ. ಎಷ್ಟೋ ಭಾನುವಾರ ಅದಕ್ಕೇ ಹೋಯಿತು. ಕೊನೆಗೊಂದು ದಿನ ಇಂಜಿನು ಎಲ್ಲೂ ತಡವರಿಸದೆ ಓಡಿತು.

ಚಳಿಗಾಲಕ್ಕೆ ಸಗಣಿ ಗ್ಯಾಸು ಇಳಿಯಿತು. ಅಮ್ಮಾಜಮ್ಮ ವಾಲ್ವು ತಿರುಗಿಸಿ ಸಿಲಿಂಡರಿನ ಪಾಲು ಹೆಚ್ಚಿಸುವುದನ್ನು ಕಲಿತಳು. ಅಡುಗೆಗೆ ಗ್ಯಾಸು ಮುಟ್ಟುವುದನ್ನೇ ಬಿಟ್ಟಳು. ಹೊಗೆ ಗಂಡನಿಗೆ ತಾಕದಿರಲೆಂದು ದೂರದ ಹೊಂಗೆಮರದ ಕೆಳಗೆ ಸೌದೆ ಒಲೆ ಹೂಡಿ ಮುದ್ದೆ ತಿರುವಿದಳು.

"ಯಾಕಿಷ್ಟು ಒದ್ದಾಡ್ತೀಯ?"

"ನೀನು ಸುಮ್ಕೆ ಉಸಿರಾಡು."

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಆಂಜಿನಪ್ಪ ಹೋದ. ಆಗ ಕರೆಂಟು ಇತ್ತು. ಮಿಷನ್ನೂ ಓಡುತ್ತಿತ್ತು. ಗಾಳಿ ಬರುತ್ತಲೇ ಇತ್ತು, ಅದನ್ನು ಎಳೆದುಕೊಳ್ಳುವ ಶಕ್ತಿ ಎದೆಗೆ ಉಳಿದಿರಲಿಲ್ಲ. ಅಮ್ಮಾಜಮ್ಮ ಜನರೇಟರಿನ ಕಡೆ ಓಡಿದಳು. ಅರ್ಧ ದಾರಿಯಲ್ಲಿ ನಿಂತು, ತಿರುಗಿ ಬಂದು ಅವನ ಪಕ್ಕ ಕೂತಳು.

ತಿಥಿ ಮುಗಿದ ಮೇಲೆ ಸೆಲ್ವರಾಜ್ ತಲೆ ತಗ್ಗಿಸಿಕೊಂಡೇ ಕೇಳಿದ. "ಅಕ್ಕಾ, ನಮ್ಮ ಲೈನಲ್ಲಿ ಕುಪ್ಪುಸ್ವಾಮಿ ಅಂತ ಅವ್ರೆ. ಗಣೀಲಿದ್ದೋರು. ಅವ್ರಿಗೂ ಈಗ ಮಿಷನ್ ಬಂದೈತೆ..."

"ಜನರೇಟರ್ ತಗಂಡೋಗು. ನಾನೂ ಬತ್ತೀನಿ."

ಊರಿಗಾಂನಲ್ಲಿ ಗಣಿ ಕಾರ್ಮಿಕರ ಸಾಲುಮನೆಗಳ ಆ ಲೈನಿನಲ್ಲಿ ಹಸುವಿಲ್ಲ, ಸಗಣಿಯಿಲ್ಲ. ಇನ್ನು ಇಂಜಿನು ಬರೀ ಸಿಲಿಂಡರ್ ಗ್ಯಾಸಿನಲ್ಲೇ ಓಡಬೇಕು. ಸೆಲ್ವರಾಜ್ ಸಗಣಿ ಗ್ಯಾಸಿನ ಪೈಪು ಬಿಚ್ಚಿ ಅದರ ಬಾಯಿ ಮುಚ್ಚಿದ. ಅಮ್ಮಾಜಮ್ಮ ಕುಪ್ಪುಸ್ವಾಮಿಯ ಹೆಂಡತಿ ಇಂದ್ರಾಣಿಯ ಕೈಗೆ ಇಂಜಿನು ಶುರು ಮಾಡುವ ಹಗ್ಗ ಕೊಟ್ಟು ಎಳೆಯುವ ಬಗೆ ತೋರಿಸಿದಳು.

"ಬಾಗಿಲಿಂದ ದೂರ ಇಡಮ್ಮ. ಇದರ ಹೊಗೆ ಒಳಕ್ಕೆ ಓಗಬಾರದು."

ಇಂದ್ರಾಣಿ ತಲೆಯಾಡಿಸಿದಳು. ಆಮೇಲೆ ಗಂಡನಿಗೆ ಕೇಳದಂತೆ, "ಅಕ್ಕಾ, ಇದು ಬಂದ್ಮೇಲೆ ಅವ್ರು ಎಷ್ಟು ದಿನ ಇದ್ರು?" ಅಂದಳು.

ಒಳಗೆ ಕುಪ್ಪುಸ್ವಾಮಿ ಕೆಮ್ಮುತ್ತಿದ್ದ.

"ಇದ್ರು ಕಣಮ್ಮ," ಅಂದಳು ಅಮ್ಮಾಜಮ್ಮ. "ಶಾನೆ ದಿನ ಇದ್ರು."

ಸೆಲ್ವರಾಜ್ ಬಸ್ಸಿನ ತನಕ ಜೊತೆಗೆ ಬಂದ. ಅವಳು ಬೇಗಬೇಗ ಹೆಜ್ಜೆ ಹಾಕಿದಳು. ಊರಲ್ಲಿ ಹಾಲು ಕರೆಯುವ ಹೊತ್ತಾಗುತ್ತಿತ್ತು.