ಒಜೀಸಾನರ ರೈಫಲ್ಲೂ ನನ್ನ ಇಸ್ತ್ರಿಪೆಟ್ಟಿಗೆಯೂ

ಮೊನ್ನೆ ಬಲ್ಬು ತರಲು ಮೊಮ್ಮಗಳ ಜೊತೆ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಪೇಂಟ್ ಇಡುವ ಸಾಲಿನಲ್ಲಿ ಯಾರೋ ಡಬ್ಬಿ ಬೀಳಿಸಿದ್ದರು. ಅಂಗಡಿಯ ಹುಡುಗಿ ತಪ್ಪು ತನ್ನದೇ ಎಂಬಂತೆ "ಸುಮಿಮಾಸೆನ್, ಸುಮಿಮಾಸೆನ್" ಎನ್ನುತ್ತ ನೆಲ ಒರೆಸುತ್ತಿದ್ದಳು. ಅಗಸೆ ಎಣ್ಣೆಯ ವಾಸನೆ! ನಿಂತಲ್ಲೇ ನಿಂತುಬಿಟ್ಟೆ.

"ಅಜ್ಜೀ, ಇಟ್ ಸ್ಟಿಂಕ್ಸ್. ಕಮ್!" ಎಂದು ಮೊಮ್ಮಗಳು ಕೈ ಎಳೆದಳು. ನನ್ನ ಕಣ್ಣ ಮುಂದೆ ಮಾತ್ರ ಪಕ್ಕದ ಮನೆಯ ಒಜೀಸಾನರ ಹೊಳೆಯುವ ಅಂಗೈ...

ಒಜೀಸಾನ್ ಎಂದರೆ ಇಲ್ಲಿ ತಾತ. ಅವರು ನನ್ನನ್ನು 'ಒಕುಸಾನ್' ಎನ್ನುತ್ತಿದ್ದರು, ಅಂದರೆ ಮನೆಯ ಯಜಮಾನಿ. ನಮ್ಮ ಯಜಮಾನರು ಹೋದ ಮೇಲೆ ನಾನು ಜಪಾನಿನ ಸಗಮಿಹಾರಾಕ್ಕೆ ಬಂದು, ಉಪಗ್ರಹಗಳ ಕೆಲಸ ಮಾಡುವ ಮಗಳ ಮನೆ ಸೇರಿದವಳು. ವಾರ್ಡ್ ಆಫೀಸಿನ ಪುಕ್ಕಟೆ ಕ್ಲಾಸಿನಲ್ಲಿ ಜಪಾನೀಸ್ ಕಲಿತೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕೈಯಲ್ಲಿ ರೂಲರ್ ಏಟು ತಿಂದು ಗ್ರಾಮರ್ ಕಲಿತವಳಿಗೆ ಯಾವ ಭಾಷೆಯೂ ಕಷ್ಟವಲ್ಲ.

ನಾನು ಬಂದ ಕೆಲವು ವರ್ಷಕ್ಕೆ ಒಜೀಸಾನರ ಹೆಂಡತಿ ತೀರಿಕೊಂಡರು. ನಲವತ್ತೊಂಬತ್ತನೆಯ ದಿನದ ಪೂಜೆ ಮುಗಿದ ಮಾರನೆಯ ದಿನ ನೋಡುತ್ತೇನೆ, ಒಜೀಸಾನ್ ವರಾಂಡದಲ್ಲಿ ಪೇಪರ್ ಹಾಸಿಕೊಂಡು ಒಂದು ಉದ್ದನೆಯ ಮರದ ತುಂಡನ್ನು ಕೆರೆಯುತ್ತ ಕೂತಿದ್ದಾರೆ. ಟಾರಿನಂಥ ಕಪ್ಪು ವಾರ್ನಿಷ್ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು.

"ಏನದು, ಕ್ರಿಕೆಟ್ ಬ್ಯಾಟಾ?" ಎಂದು ಗೋಡೆಯ ಮೇಲಿಂದ ಕೇಳಿದೆ. ಹೆಂಡತಿ ಹೋದ ಮೇಲೆ ಅವರು ಮೊದಲ ಸಲ ನಕ್ಕದ್ದು ಅವತ್ತೇ. "ಹಾಗೇ ಅಂದುಕೊಳ್ಳಿ, ಒಕುಸಾನ್" ಎಂದರು.

ಮರದ ತುಂಬ ತಗ್ಗುಗಳಿದ್ದವು. ಒದ್ದೆ ಬಟ್ಟೆ ಹಾಕಿ ಮೇಲೆ ಇಸ್ತ್ರಿ ಒತ್ತಿದರೆ ತಗ್ಗು ಎದ್ದು ಬರುತ್ತದೆ ಎಂದು ಹೇಳಿಕೊಟ್ಟೆ. ಮೈಸೂರಿನಲ್ಲಿ ನಮ್ಮ ಊಟದ ಟೇಬಲ್ಲಿಗೆ ಬಡಗಿ ಹಾಗೇ ಮಾಡಿದ್ದ. ಒಜೀಸಾನ್ ಒಳಗೆ ಹೋಗಿ, ಬರಿಗೈಲಿ ಬಂದರು. "ಇಸ್ತ್ರಿಪೆಟ್ಟಿಗೆ ಎಲ್ಲಿಟ್ಟಿದ್ದಾಳೋ... ಕೇಳೋಣ ಅಂತ ತಿರುಗಿದೆ" ಎಂದು ಅರ್ಧಕ್ಕೆ ನಿಲ್ಲಿಸಿದರು. ನನ್ನದನ್ನೇ ತಂದೆ. ಪುಸ್ಸೆಂದು ಹಬೆ ಎದ್ದು, ತಗ್ಗುಗಳು ಒಂದೊಂದಾಗಿ ತುಂಬಿಕೊಂಡವು. ಇಬ್ಬರೂ ಮಕ್ಕಳ ಹಾಗೆ ಬಗ್ಗಿ ನೋಡಿದೆವು.

ಆಮೇಲೆ ಹಚ್ಚುವ ಅಗಸೆ ಎಣ್ಣೆಯ ಲೆಕ್ಕವೂ ನನ್ನದೇ. ನಮ್ಮಣ್ಣ ಬ್ಯಾಟಿಗೆ ಹಚ್ಚುತ್ತಿದ್ದದ್ದು ಹೀಗೆ: ದಿನಕ್ಕೊಂದು ಸಲ ಒಂದು ವಾರ, ವಾರಕ್ಕೊಂದು ಸಲ ಒಂದು ತಿಂಗಳು, ತಿಂಗಳಿಗೊಂದು ಸಲ ಒಂದು ವರ್ಷ. ಬ್ರಶ್ ಬೇಡ, ಅಂಗೈಯೇ ಸಾಕು. ಅವರು ಅದನ್ನು ಬರೆದುಕೊಂಡರು. ಉಜ್ಜುತ್ತ ಉಜ್ಜುತ್ತ ಎಷ್ಟೋ ಸಲ ಅನ್ನುತ್ತಿದ್ದರು, "ನಾನೂ ಅವಳ ಜೊತೆಗೇ ಹೋಗಿಬಿಡಬೇಕಿತ್ತು, ಒಕುಸಾನ್. ಈಗಲೂ ತಡವೇನಾಗಿಲ್ಲ." ನಾನು "ಬಿಡ್ತು ಅನ್ನಿ" ಎಂದು ಟೀ ಬಗ್ಗಿಸುತ್ತಿದ್ದೆ. ನಮ್ಮಲ್ಲಿ ಜೊತೆಗಾರರನ್ನು ಕಳೆದುಕೊಂಡ ಯಾರು ತಾನೇ ಹಾಗನ್ನುವುದಿಲ್ಲ? ನಾನೂ ಒಂದು ವರ್ಷ ಅದನ್ನೇ ಅಂದುಕೊಂಡು ಓಡಾಡಿದ್ದೆ, ಹೊತ್ತುಹೊತ್ತಿಗೆ ಊಟ ಮಾಡಿಕೊಂಡೇ.

ಮರ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆ ಒಂದು ಮಧ್ಯಾಹ್ನ ಒಜೀಸಾನ್ ಒಳಗಿನಿಂದ ಕಬ್ಬಿಣದ ನಳಿಗೆ ತಂದು ಅದಕ್ಕೆ ಕೂರಿಸಿದರು.

"ಜೀಸಸ್, ಮೇರಿ!" ಎಂದು ಕೂಗಿಬಿಟ್ಟೆ. ಕೋವಿ! ಜಪಾನಿನಲ್ಲಿ! ಇಷ್ಟು ದಿನ ನಾನು ಇಸ್ತ್ರಿ ಮಾಡಿದ್ದು ಕೋವಿಗೆ! ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲೈಸೆನ್ಸ್ ಇತ್ತು, ಬೀಗದ ಕಬ್ಬಿಣದ ಕಪಾಟಿತ್ತು. ಹಿಂದಿನ ಬೆಟ್ಟದಿಂದ ಗೆಣಸಿನ ಹೊಲಕ್ಕೆ ಇಳಿಯುವ ಕಾಡುಹಂದಿ, ಜಿಂಕೆಗಳನ್ನು ಹೊಡೆಯುವ ಗುಂಪಿನಲ್ಲಿ ಅವರೂ ಒಬ್ಬರು. ಇದು ಯಾವುದೋ ದೇಶದ ಸೈನ್ಯ ಬೇಡವೆಂದು ಮಾರಿ, ಆಮೇಲೆ ಯಾರೋ ಬೇಟೆಗೆಂದು ತಿದ್ದಿಸಿದ ರೈಫಲ್ಲಂತೆ. ಯಾರಿಗೂ ಬೇಡವಾಗಿ ಅಗ್ಗಕ್ಕೆ ಸಿಕ್ಕಿತಂತೆ.

"ನನ್ನ ಹೆಂಡತಿ ಇದನ್ನು ಮಣ್ಣು ಮೆತ್ತಿದ ಮೂಲಂಗಿ ಅನ್ನುತ್ತಿದ್ದಳು. ಮೊದಲು ತೊಳೆದು ಆಮೇಲೆ ಒಳಗೆ ತಾ ಅಂತ. ನಾಳೆ ನಾಳೆ ಅಂತ ನಾನೇ ಮುಂದೂಡಿದೆ" ಎಂದರು. ಚಳಿಗಾಲಕ್ಕೆ ಬೇಟೆ ಶುರು. "ಬೆಟ್ಟದ ಬೇಟೆಯ ಆ ನಾಲ್ಕು ಜನ ಬಿಟ್ಟರೆ, ನನ್ನನ್ನು ಹೆಸರು ಹಿಡಿದು ಕೂಗುವವರು ಇನ್ನು ಯಾರೂ ಇಲ್ಲ" ಎಂದೂ ಹೇಳಿದರು. ಚಳಿಗಾಲದೊಳಗೆ ಲೈಸೆನ್ಸ್ ರಿನ್ಯೂ ಆಗಬೇಕಿತ್ತು.

ಇಲ್ಲಿಯ ಪದ್ಧತಿ ನನಗೆ ಗೊತ್ತಿರಲಿಲ್ಲ. ಕೋವಿ ಇಟ್ಟುಕೊಂಡವರ ಬಗ್ಗೆ ಪೊಲೀಸರು ಅಕ್ಕಪಕ್ಕದವರನ್ನು ವಿಚಾರಿಸುತ್ತಾರೆ. ತುಂಬಾ ವಿನಯದ ಆಫೀಸರ್ ಒಬ್ಬರು ಬಂದು, ಪಕ್ಕದ ಮನೆಯವರು ಹೇಗೆ ಎಂದು ಕೇಳಿದರು. ನನಗೋ, ಒಜೀಸಾನರಿಗೆ ಫಸ್ಟ್ ಕ್ಲಾಸ್ ಸರ್ಟಿಫಿಕೇಟ್ ಕೊಡಬೇಕೆಂಬ ಉತ್ಸಾಹ. ಒಬ್ಬ ಗಂಡಸು ಎಂಥವನು ಎನ್ನುವುದಕ್ಕೆ ಅವನು ಹೆಂಡತಿಗಾಗಿ ಎಷ್ಟು ಕೊರಗುತ್ತಾನೆ ಎನ್ನುವುದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಊಟ ನಿದ್ದೆ ಬಿಟ್ಟಿದ್ದಾರೆ, ಫೋಟೋ ಜೊತೆ ಮಾತಾಡುತ್ತಾರೆ, ಅವಳ ಹಿಂದೆಯೇ ಹೋಗಬೇಕು ಅನ್ನುತ್ತಾರೆ, ಪಾಪ, ಅಂಥ ಒಳ್ಳೆಯ ಮನುಷ್ಯ ಎಂದೆ.

ಆಫೀಸರ್ ಪೆನ್ನು ನಿಲ್ಲಿಸಿದರು. "ಹೋಗಬೇಕು ಎಂದು ಅವರೇ ಹೇಳಿದ್ದಾರೆಯೇ? ಎಷ್ಟು ಸಲ?"

"ಅಯ್ಯೋ, ಎಷ್ಟೋ ಸಲ!" ಎಂದೆ, ಹೆಮ್ಮೆಯಿಂದ.

ಸಂಜೆ ಮಗಳಿಗೆ ಹೇಳಿದಾಗ ಅವಳು ಕೈಲಿದ್ದ ಬ್ಯಾಗ್ ಕೆಳಗಿಡುವುದನ್ನೂ ಮರೆತಳು. "ಅಮ್ಮಾ! ಮನೇಲಿ ಗನ್ ಇಟ್ಕೊಂಡಿರೋರ ಬಗ್ಗೆ ಪೊಲೀಸ್ ಹತ್ರ ಹಾಗಂದ್ಯಾ?"

"ಸಿಂಪಥಿಗೆ ಹೇಳಿದೆ ಕಣೇ."

"ಅವರೇನು ಸಿಂಪಥಿ ಬರ್ಕೊಳ್ಳೋಕೆ ಬಂದಿದ್ರಾ?"

ಮಾರನೆಯ ದಿನ ಸ್ಟೇಷನ್ನಿಗೇ ಹೋಗಿ, ಅದು ಬರೀ ಮಾತು, ನಮ್ಮ ಕಡೆ ಎಲ್ಲರೂ ಆಡುವ ಮಾತು ಎಂದು ಹೇಳಿಬಂದೆ. ಅದನ್ನೂ ವಿನಯದಿಂದ ಬರೆದುಕೊಂಡರು. ಲೈಸೆನ್ಸ್ ರಿನ್ಯೂ ಆಗಲಿಲ್ಲ. ಕೋವಿ ಅಂಗಡಿಯವರು ಬಂದು ರೈಫಲ್ಲನ್ನು ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಕಾರು ತಿರುವು ದಾಟುವವರೆಗೂ ಒಜೀಸಾನ್ ತಲೆ ಬಗ್ಗಿಸಿಯೇ ನಿಂತಿದ್ದರು.

ಕನ್ಫೆಷನ್ ಕಲಿತು ಬೆಳೆದವಳು, ಸುಮ್ಮನಿರಲು ಆಗಲಿಲ್ಲ. ಹೋಗಿ ಹೇಳಿದೆ: ನಾನೇ ಹೇಳಿದ್ದು. ಕೆಟ್ಟದ್ದಕ್ಕಲ್ಲ. ನೀವು ಹಾಗೆ ಮಾಡಿಕೊಳ್ಳುತ್ತೀರಿ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ, ದೇವರಾಣೆ.

ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಪೊಲೀಸರು ನನ್ನ ಮಾತು ನಂಬಿದರು. ನೀವು ನಂಬಿರಲಿಲ್ಲ, ಅಲ್ಲವೇ ಒಕುಸಾನ್?"

ಅಷ್ಟೇ. ಒಳಗೆ ಹೋಗಿ ಬಾಗಿಲು ಎಳೆದುಕೊಂಡರು. ನಾನು ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಸೋಫಾದ ಮೇಲೆ ಚಪ್ಪಲಿ ಕಾಲಲ್ಲೇ ಕೂತಿದ್ದೆನಂತೆ... ಮೊಮ್ಮಗಳು ನೋಡಿ ಹೆದರಿದಳಂತೆ. ಅವರು ಆ ಮಾತಾಡಿದಾಗಲೆಲ್ಲ ನಾನು ಎದುರಿಗೇ ಕೂತು, ಟೀಗೆ ಬಿಸ್ಕೆಟ್ ಅದ್ದುತ್ತಿದ್ದೆ.

ಆಮೇಲೆ ಒಜೀಸಾನ್ ಐದು ವರ್ಷ ಬದುಕಿದರು. ಬೆಟ್ಟಕ್ಕೆ ಮತ್ತೆ ಹೋಗಲಿಲ್ಲ. ಕೊನೆಗೆ ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿ ಹೋದರು. ಆ ಐದು ವರ್ಷವೂ ದಿನಾ ಬೆಳಿಗ್ಗೆ ಕಸ ಇಡುವ ಜಾಗದಲ್ಲಿ ಸಿಗುತ್ತಿದ್ದೆವು. ಚಳಿ ಜಾಸ್ತಿ, ಬಿಸಿಲು ಜಾಸ್ತಿ ಎಂದು ಮಾತಾಡುತ್ತಿದ್ದೆವು. ಈಗಲೂ ಹಾಗೆ ಅನ್ನಿಸುತ್ತದೆಯೇ ಎಂದು ಒಂದು ಸಲ ಕೇಳಬಹುದಿತ್ತು. ಬಾಯಿವರೆಗೆ ಬರುತ್ತಿತ್ತು. ಕೇಳಲಿಲ್ಲ.

ಈಗ ಆ ಮನೆ ಕೆಡವಿದ್ದಾರೆ. ನಮ್ಮ ಅಡಿಗೆಮನೆಯ ಕಿಟಕಿಗೆ ಬೆಟ್ಟ ಪೂರ್ತಿ ಕಾಣುತ್ತದೆ. "ವ್ಯೂ ಎಷ್ಟು ಚೆನ್ನಾಗಾಯ್ತು ಅಲ್ವಾಮ್ಮ" ಎನ್ನುತ್ತಾಳೆ ಮಗಳು. ಹೌದು ಎನ್ನುತ್ತೇನೆ, ಕಿಟಕಿಗೆ ಬೆನ್ನು ಮಾಡಿ ತರಕಾರಿ ಹೆಚ್ಚುತ್ತೇನೆ.